ಕಚೇರಿ ಹತ್ತಿರ ಬಂತು, ಅಧಿಕಾರ ಬರಲಿಲ್ಲ

ಊರಿಗೆ ತಾಲೂಕು ಕಚೇರಿ ಬಂದರೆ ಊರು ಉದ್ಧಾರವಾಗುತ್ತದೆ. ಗ್ರಾಮ ಪಂಚಾಯತ್ ಪಟ್ಟಣ ಪಂಚಾಯತ್ ಆದರೆ ಅನುದಾನ ಹರಿದು ಬರುತ್ತದೆ. ಜಿಲ್ಲಾಧಿಕಾರಿಯೇ ಬಂದು ಕುಳಿತರೆ ಮತ್ತೆ ಯಾವ ಕೊರತೆಯೂ ಉಳಿಯದು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಯಾವ ಪಕ್ಷದ ವೇದಿಕೆಯ ಮುಂದೆ ಕುಳಿತರೂ, ಯಾವ ಹೋರಾಟ ಸಮಿತಿಯ ಮನವಿಯನ್ನು ಓದಿದರೂ ಸಿಗುವುದು ಈ ಮಾತೇ. ಎಡ ಬಲ ಎನ್ನದೆ ಎಲ್ಲರೂ ಒಪ್ಪಿರುವುದರಿಂದ ಇದನ್ನು ಪ್ರಶ್ನಿಸುವವರಿಲ್ಲ. ಪ್ರಶ್ನಿಸಿದವನು ಊರಿನ ಅಭಿವೃದ್ಧಿಗೆ ಅಡ್ಡಗಾಲು ಹಾಕುವವನೆಂಬ ಹೆಸರು ಹೊರಬೇಕಾಗುತ್ತದೆ.

ಆ ಹೆಸರು ಬಂದರೂ ಸರಿ, ಹೇಳಬೇಕಾದ್ದನ್ನು ಹೇಳಲೇಬೇಕು. ಕಚೇರಿ ಹತ್ತಿರ ಬರುವುದಕ್ಕೂ ಅಧಿಕಾರ ಹತ್ತಿರ ಬರುವುದಕ್ಕೂ ಸಂಬಂಧವಿಲ್ಲ. ಕಳೆದ ಏಳೆಂಟು ವರ್ಷಗಳಲ್ಲಿ ನಮಗೆ ಕಚೇರಿಗಳು ಸಿಕ್ಕಿವೆ. ಅದೇ ಅವಧಿಯಲ್ಲಿ, ನಮ್ಮ ಮತದಿಂದ ನಡೆಯಬೇಕಾದ ಸಂಸ್ಥೆಗಳು ಒಂದೊಂದಾಗಿ ಖಾಲಿಯಾಗಿವೆ. ಮೊದಲಿನದಕ್ಕೆ ಸನ್ಮಾನ ಸಮಾರಂಭ ಮಾಡಿದೆವು. ಎರಡನೆಯದಕ್ಕೆ ಒಂದು ಪ್ರತಿಭಟನೆಯನ್ನೂ ನೆಟ್ಟಗೆ ಮಾಡಲಿಲ್ಲ.

ಈ ಸೀಮೆಯಲ್ಲಿ ಆಡಳಿತದ ಕೇಂದ್ರ ಸ್ಥಳ ಬದಲಿಸುವುದು ಹೊಸತಲ್ಲ. 1834ರಲ್ಲಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡು, ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ನಕ್ಷೆಯಲ್ಲಿ ಗೆರೆ ಬದಲಾಯಿತು, ಮಡಿಕೇರಿಯ ಬದಲು ಮಂಗಳೂರು ಕೇಂದ್ರವಾಯಿತು. ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತ ಇನ್ನು ಮೇಲೆ ನಗದು ತರಬೇಕು ಎಂದಾಯಿತು. ಮೂರು ವರ್ಷ ಕಳೆಯುವುದರೊಳಗೆ, 1837ರಲ್ಲಿ, ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಜನ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಪುತ್ತೂರಿನ ದಾರಿಯಾಗಿ ಮಂಗಳೂರಿಗೆ ನಡೆದರು, ಬಾವುಟಗುಡ್ಡೆಯಲ್ಲಿ ಧ್ವಜ ಹಾರಿಸಿದರು. ಅಮರ ಸುಳ್ಯದ ದಂಗೆ ಎಂದು ನಾವು ಹೆಮ್ಮೆಯಿಂದ ನೆನೆಯುವುದು ಇದನ್ನೇ. ಆ ದಂಗೆಗೆ ಹಲವು ಕಾರಣಗಳಿದ್ದವು. ಜನರನ್ನು ಕೇಳದೆ ಅವರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ದಾಟಿಸಿದ್ದು ಅವುಗಳಲ್ಲಿ ಒಂದು.

ಆಮೇಲಿನ ಕಥೆಯೂ ಸ್ಥಳಾಂತರದ್ದೇ. ಬ್ರಿಟಿಷರ ಕಾಲದ ತಾಲೂಕಿನ ಹೆಸರು ಉಪ್ಪಿನಂಗಡಿ. ಇಪ್ಪತ್ತನೇ ಶತಮಾನದ ಆರಂಭಕ್ಕಾಗಲೇ ಹೆಸರು ಉಪ್ಪಿನಂಗಡಿಯದ್ದು, ಕಚೇರಿ ಪುತ್ತೂರಿನದು ಎಂಬ ಸ್ಥಿತಿ. ಮುಂದೆ ಹೆಸರೂ ಪುತ್ತೂರಿನದಾಯಿತು. ನೇತ್ರಾವತಿ ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿ 1923ರ ಮಹಾ ನೆರೆಯಲ್ಲಿ ಮುಳುಗಿತು, 1974ರಲ್ಲಿ ಮತ್ತೊಮ್ಮೆ ಮುಳುಗಿತು. ಒಂದು ಕಾಲಕ್ಕೆ ಇಡೀ ತಾಲೂಕಿಗೆ ಹೆಸರು ಕೊಟ್ಟ ಊರು ಇಂದು ಗ್ರಾಮ ಪಂಚಾಯತ್. 1960ರ ದಶಕದಲ್ಲಿ ಸುಳ್ಯ ಪ್ರತ್ಯೇಕ ತಾಲೂಕಾಯಿತು. ಕಡಬದ ಬೇಡಿಕೆ ದಶಕಗಳ ಕಾಲ ಜೀವಂತವಾಗಿತ್ತು. ತಾಲೂಕು ಪುನರ್ವಿಂಗಡಣೆಗೆಂದು ವಾಸುದೇವ ರಾವ್, ಹುಂಡೇಕರ್, ಗದ್ದಿಗೌಡರ, ಎಂ.ಬಿ. ಪ್ರಕಾಶ್ ಸಮಿತಿಗಳು ಬಂದು ಹೋದವು. 2013ರ ಬಜೆಟ್‌ನಲ್ಲಿ ಜಗದೀಶ ಶೆಟ್ಟರ್ ಹೊಸ ತಾಲೂಕುಗಳನ್ನು ಘೋಷಿಸಿದರು, 2017ರಲ್ಲಿ ಸಿದ್ದರಾಮಯ್ಯ ಮತ್ತೆ ಘೋಷಿಸಿದರು, 2018ರಲ್ಲಿ ಕಡಬ ತಾಲೂಕು ಅಸ್ತಿತ್ವಕ್ಕೆ ಬಂತು. ಪುತ್ತೂರಿನ ಹಲವು ಗ್ರಾಮಗಳ ಜೊತೆಗೆ ಸುಳ್ಯದ ಸುಬ್ರಹ್ಮಣ್ಯ, ಏನೆಕಲ್ಲು, ಬಳ್ಪ, ಎಡಮಂಗಲ, ಎಣ್ಮೂರು ಮೊದಲಾದವೂ ಕಡಬಕ್ಕೆ ಹೋದವು.

ಹೊಸ ತಾಲೂಕಿನಿಂದ ಏನೂ ಲಾಭವಾಗಿಲ್ಲ ಎಂದು ನಾನು ಹೇಳುವುದಿಲ್ಲ. ಶಿರಾಡಿಯ ಕಾಡಂಚಿನಿಂದಲೋ ಕೊಂಬಾರಿನಿಂದಲೋ ಹೊರಟ ಕೂಲಿಯಾಳು ಪುತ್ತೂರಿನ ತಾಲೂಕು ಕಚೇರಿಯಲ್ಲಿ ಒಂದು ಸಹಿಗಾಗಿ ದಿನವಿಡೀ ಕಳೆದು, 'ನಾಳೆ ಬನ್ನಿ' ಎನಿಸಿಕೊಂಡು ವಾಪಸಾಗುತ್ತಿದ್ದದ್ದು ನಿಜ. ಅಂಥವರಿಗೆ ಕಡಬದ ಕಚೇರಿ ಬಸ್ಸಿನ ದುಡ್ಡನ್ನೂ ಒಂದು ದಿನದ ಕೂಲಿಯನ್ನೂ ಉಳಿಸಿದೆ. ಕಡಬಕ್ಕಾಗಿ ಹೋರಾಡಿದವರ ಶ್ರಮವನ್ನು ಅಲ್ಲಗಳೆಯುವುದು ಅನ್ಯಾಯ. ನನ್ನ ಜಗಳ ಆ ಹೋರಾಟದೊಂದಿಗಲ್ಲ, ಅದು ಮುಗಿದ ಮೇಲೆ ನಾವು ತಳೆದ ತೃಪ್ತಿಯೊಂದಿಗೆ. ದೂರ ಕಡಿಮೆಯಾದದ್ದನ್ನೇ ಸ್ವರಾಜ್ಯ ಬಂತೆಂದು ಎಣಿಸಿದೆವು.

ತಾಲೂಕು ಎಂಬುದು ಮೂಲದಲ್ಲಿ ಕಂದಾಯ ವಸೂಲಿಯ ಘಟಕ. ತಹಶೀಲ್ದಾರರನ್ನು ನೇಮಿಸುವುದು ಸರಕಾರ, ವರ್ಗ ಮಾಡುವುದೂ ಸರಕಾರ. ಅವರು ಉತ್ತರ ಕೊಡಬೇಕಾದದ್ದು ಪುತ್ತೂರಿನ ಸಹಾಯಕ ಆಯುಕ್ತರಿಗೆ, ಅಲ್ಲಿಂದ ಮೇಲೆ ಮಂಗಳೂರಿನ ಜಿಲ್ಲಾಧಿಕಾರಿಗೆ, ಅಲ್ಲಿಂದ ಮೇಲೆ ಬೆಂಗಳೂರಿಗೆ. ಕಡಬದ ಮತದಾರನಿಗೆ ಅವರು ಉತ್ತರ ಕೊಡಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಸರಕಾರಿ ಜಾಗದ ಸಾಗುವಳಿಯನ್ನು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಸಮಿತಿಗೆ ಅಧ್ಯಕ್ಷರು ಶಾಸಕರು. ಕಡಬ ಪೇಟೆ ಇಂದಿಗೂ ಸುಳ್ಯ ವಿಧಾನಸಭಾ ಕ್ಷೇತ್ರದಲ್ಲಿದೆ. ಅಂದರೆ ತಾಲೂಕು ಬೇರೆಯಾದರೂ ಕಡತಕ್ಕೆ ಒಪ್ಪಿಗೆ ಕೊಡುವ ಕೈ ಹಿಂದಿನದೇ. ಸುಬ್ರಹ್ಮಣ್ಯದವರಿಗೆ ತಹಶೀಲ್ದಾರರು ಕಡಬದಲ್ಲಿ, ಶಾಸಕರ ಕ್ಷೇತ್ರ ಸುಳ್ಯ, ಸಹಾಯಕ ಆಯುಕ್ತರು ಪುತ್ತೂರಿನಲ್ಲಿ, ಜಿಲ್ಲಾಧಿಕಾರಿ ಮಂಗಳೂರಿನಲ್ಲಿ. ಅಲ್ಲಿನ ದೇವಸ್ಥಾನ ಆದಾಯದಲ್ಲಿ ರಾಜ್ಯದ ಮುಜರಾಯಿ ದೇವಾಲಯಗಳಿಗೆಲ್ಲ ಮೊದಲನೆಯದು. ಆ ಹಣದ ಬಗ್ಗೆ ದೊಡ್ಡ ತೀರ್ಮಾನಗಳಾಗುವುದು ಸುಳ್ಯದಲ್ಲೂ ಅಲ್ಲ, ಕಡಬದಲ್ಲೂ ಅಲ್ಲ, ಬೆಂಗಳೂರಿನಲ್ಲಿ. ತಾಲೂಕು ಬದಲಾದದ್ದರಿಂದ ಸುಬ್ರಹ್ಮಣ್ಯ ಗ್ರಾಮ ಪಂಚಾಯತಿನ ಅಧಿಕಾರ ಕೂದಲೆಳೆಯಷ್ಟೂ ಹೆಚ್ಚಲಿಲ್ಲ.

ನಮ್ಮ ಕೃಷಿಕನ ನಿಜವಾದ ಸಂಕಟ ಎಲ್ಲಿದೆ ನೋಡಿ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಮಂದಿಗೆ ದರ್ಖಾಸ್ತು ಮಂಜೂರಾಗಿದೆ, ನಕ್ಷೆಯಲ್ಲಿ ಯಾರ ಗಡಿ ಎಲ್ಲಿ ಎಂದು ಗುರುತಾಗಿಲ್ಲ. ಪ್ಲಾಟಿಂಗ್ ಆಗದೆ ಆ ಜಾಗ ಮಾರುವಂತಿಲ್ಲ, ಮಕ್ಕಳಿಗೆ ಪಾಲು ಮಾಡುವಂತಿಲ್ಲ, ಸಾಲಕ್ಕೆ ಆಧಾರ ಕೊಡುವುದೂ ಕಷ್ಟ. ಕಡತ ನಿಲ್ಲುವುದು ದೂರದಿಂದಲ್ಲ, ಸರ್ವೆಯರ್ ಇಲ್ಲದ್ದರಿಂದ, ಹಳೆಯ ದಾಖಲೆ ಸಿಗದ್ದರಿಂದ, ತೀರ್ಮಾನ ತೆಗೆದುಕೊಳ್ಳುವವರು ಹೊಣೆ ಹೊರದ್ದರಿಂದ. ಪಹಣಿ ಗಣಕೀಕರಣವಾಗಿ ಎರಡು ದಶಕ ದಾಟಿತು. ಇಂದು ಆರ್‌ಟಿಸಿಗಾಗಿ ಯಾರೂ ತಾಲೂಕು ಕೇಂದ್ರಕ್ಕೆ ಹೋಗಬೇಕಿಲ್ಲ. ಹಾಗಿರುವಾಗ ಇರುವ ಸಿಬ್ಬಂದಿಯನ್ನೇ ಮೂರು ಕಟ್ಟಡಗಳಿಗೆ ಹಂಚಿದರೆ ಕಡತ ಬೇಗ ಸರಿಯುವುದು ಹೇಗೆ? ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಲು ಮಂತ್ರಿಗಳು ಬರುತ್ತಾರೆ. ಖಾಲಿ ಹುದ್ದೆ ತುಂಬಿದ ದಿನ ಯಾರೂ ಬ್ಯಾನರ್ ಕಟ್ಟುವುದಿಲ್ಲ.

ಇನ್ನು ಪಟ್ಟಣ ಪಂಚಾಯತಿನ ಮಾತು. ಈ ವಾದದಲ್ಲಿ ಅತಿ ಮುಖ್ಯವಾದ ಭಾಗ ಇದೇ, ನಾವು ಕಡಿಮೆ ಚರ್ಚಿಸಿದ ಭಾಗವೂ ಇದೇ.

ಕಡಬ ಮತ್ತು ಕೋಡಿಂಬಾಳ ಗ್ರಾಮಗಳನ್ನು ಸೇರಿಸಿ ಪಟ್ಟಣ ಪಂಚಾಯತ್ ಮಾಡಲಾಯಿತು. ಗ್ರಾಮ ಪಂಚಾಯತ್ ರದ್ದಾಯಿತು. ಪಟ್ಟಣ ಪಂಚಾಯತಿಗೆ ಮೊದಲ ಚುನಾವಣೆ ನಡೆದದ್ದು 2025ರ ಆಗಸ್ಟ್ 17ರಂದು. 13 ವಾರ್ಡುಗಳಲ್ಲಿ 8 ಕಾಂಗ್ರೆಸ್ಸಿಗೆ, 5 ಬಿಜೆಪಿಗೆ. ಈ ಫಲಿತಾಂಶದಲ್ಲಿ ಯಾರ ಅಲೆ ಇತ್ತು, ಯಾರ ಒಳಜಗಳ ಇತ್ತು ಎಂದು ವಾರಗಟ್ಟಲೆ ವಿಶ್ಲೇಷಣೆ ನಡೆಯಿತು. ಆದರೆ ಗ್ರಾಮ ಪಂಚಾಯತ್ ಹೋದಂದಿನಿಂದ ಆ ದಿನದವರೆಗಿನ ಸುಮಾರು ಐದು ವರ್ಷ ಕಡಬದ ಜನರಿಗೆ ತಮ್ಮದೆನ್ನುವ ಒಬ್ಬ ಸದಸ್ಯನೂ ಇರಲಿಲ್ಲ ಎಂಬುದನ್ನು ಎಷ್ಟು ಜನ ಮುಖ್ಯ ಸುದ್ದಿ ಮಾಡಿದರು? ಬೀದಿದೀಪ ಕೆಟ್ಟರೆ ಅಧಿಕಾರಿ, ನೀರು ಬಾರದಿದ್ದರೆ ಅಧಿಕಾರಿ, ತೆರಿಗೆ ನಿಗದಿಗೂ ಅಧಿಕಾರಿ. ಒಂದು ಪಂಚಾಯತ್ ಮಂಡಳಿಯ ಪೂರ್ಣ ಅವಧಿಯಷ್ಟು ಕಾಲವನ್ನು ಆಡಳಿತಾಧಿಕಾರಿಯ ಕೈಗೆ ಕೊಟ್ಟು ಅದನ್ನು ಮೇಲ್ದರ್ಜೆ ಎಂದೆವು. ಪೌರಸಂಸ್ಥೆಯ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು, ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು ಎಂಬುದು ಸಂವಿಧಾನದ 243-ಯು ವಿಧಿಯ ಮಾತು. ಹೊಸದಾಗಿ ಹುಟ್ಟಿದ ಪಟ್ಟಣವೊಂದನ್ನು ಐದು ವರ್ಷ ಪ್ರತಿನಿಧಿಗಳಿಲ್ಲದೆ ಇಡಬಹುದು ಎಂಬ ಅರ್ಥ ಅದರಲ್ಲಿ ಎಲ್ಲೂ ಇಲ್ಲ.

ಚುನಾವಣೆ ಆಯಿತಲ್ಲ, ಇನ್ನೇನು ಎನ್ನಬಹುದು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯತಿಗೆ 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರು. 10 ಸಾವಿರ ಜನರಿದ್ದರೆ ಸುಮಾರು 25 ಸದಸ್ಯರು. ಪಟ್ಟಣ ಪಂಚಾಯತ್ ಆಗಲು ಕನಿಷ್ಠ 10 ಸಾವಿರ ಜನರಿರಬೇಕು, ಕಡಬಕ್ಕೆ ಸಿಕ್ಕಿದ ವಾರ್ಡು 13. ಪ್ರತಿನಿಧಿಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಒಬ್ಬ ಸದಸ್ಯನ ಮನೆ ಬಾಗಿಲಿಗೆ ಹೋಗಿ ಕೇಳಬೇಕಾದವರ ಸಂಖ್ಯೆ ಇಮ್ಮಡಿಯಾಯಿತು.

ಇದಕ್ಕಿಂತ ದೊಡ್ಡ ನಷ್ಟ ಗ್ರಾಮಸಭೆಯದು. ಗ್ರಾಮಸಭೆಯಲ್ಲಿ ಸಾಮಾನ್ಯ ಮತದಾರ ಎದ್ದು ನಿಂತು ಅಧ್ಯಕ್ಷರನ್ನೂ ಪಂಚಾಯತ್ ಅಭಿವೃದ್ಧಿ ಅಧಿಕಾರಿಯನ್ನೂ (ಪಿಡಿಒ) ಇಲಾಖೆಯ ಅಧಿಕಾರಿಗಳನ್ನೂ ಎಲ್ಲರೆದುರು ಪ್ರಶ್ನಿಸಬಹುದು. ಫಲಾನುಭವಿಗಳ ಪಟ್ಟಿ ಅಲ್ಲಿ ಓದಬೇಕು, ಒಪ್ಪಿಗೆ ಪಡೆಯಬೇಕು. ನಮ್ಮ ಜಿಲ್ಲೆಯಲ್ಲಿ ಗ್ರಾಮಸಭೆಗಳು ಬಿಸಿಯಾಗಿಯೇ ನಡೆಯುತ್ತವೆ. ಅಧಿಕಾರಿ ಬಾರದಿದ್ದರೆ ಜನ ಸಭೆಯನ್ನೇ ಮುಂದೂಡಿಸುತ್ತಾರೆ. ಊರು ಪಟ್ಟಣವಾದ ದಿನ ಈ ಹಕ್ಕು ಕೈಬಿಟ್ಟು ಹೋಗುತ್ತದೆ. ಅದರ ಜಾಗದಲ್ಲಿ ಏನು ಬರುತ್ತದೆ? ವಾರ್ಡ್ ಸಮಿತಿ ಕಡ್ಡಾಯವೆಂದು ಸಂವಿಧಾನ ಹೇಳುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಕಡಬಕ್ಕೆ ಅದು ಅನ್ವಯಿಸದು, 2011ರ ಜನಗಣತಿಯಲ್ಲಿ ಸುಮಾರು 20 ಸಾವಿರ ಜನರಿದ್ದ ಸುಳ್ಯಕ್ಕೂ ಇಲ್ಲ, 53 ಸಾವಿರ ಜನರಿದ್ದ ಪುತ್ತೂರಿಗೂ ಇಲ್ಲ. ಹಳ್ಳಿಯಲ್ಲಿದ್ದಾಗ ಬಾಯಿ ಇದ್ದ ಪ್ರಜೆ ಪಟ್ಟಣಿಗನಾದೊಡನೆ ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಾಕಿಸಿಕೊಳ್ಳುವವನಷ್ಟೇ ಆಗುತ್ತಾನೆ.

ಜೇಬಿನ ಲೆಕ್ಕವೂ ಇದೆ. ಉದ್ಯೋಗ ಖಾತರಿ ಯೋಜನೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಅಡಿಕೆ ಸಸಿ ನೆಡಲು, ಬಾವಿ ತೋಡಲು, ಹಟ್ಟಿ ಕಟ್ಟಲು ಸಣ್ಣ ಹಿಡುವಳಿದಾರನಿಗೆ ಸಿಗುತ್ತಿದ್ದ ನೆರವು ಪಟ್ಟಣದ ಗಡಿಯೊಳಗೆ ಬಂದ ಮೇಲೆ ಸಿಗದು. ಕಟ್ಟಡ ತೆರಿಗೆ, ಪರವಾನಿಗೆ ನಿಯಮಗಳು ಪಟ್ಟಣದ್ದಾಗುತ್ತವೆ. ಪಟ್ಟಣವೆನಿಸಿಕೊಳ್ಳಲು 10ರಿಂದ 20 ಸಾವಿರ ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ಅರ್ಧದಷ್ಟಾದರೂ ಕೃಷಿಯೇತರ ದುಡಿಮೆ ಇರಬೇಕೆನ್ನುತ್ತದೆ ಕಾಯಿದೆ. ಪೇಟೆಯ ಅಂಗಡಿ ಸಾಲಿಗೆ ಈ ಅಳತೆ ಹೊಂದಬಹುದು. ತೋಟದ ನಡುವಿನ ಮನೆಗೆ, ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಹೋಗುವ ಮಗುವಿಗೆ ಈ ಬಡ್ತಿಯಿಂದ ಏನು ಸಿಕ್ಕಿತೆಂದು ಮೇಲ್ದರ್ಜೆಯ ಪರವಾಗಿ ಮಾತನಾಡುವವರು ಹೇಳಬೇಕು.

ಹಳೆಯ ಪಟ್ಟಣಗಳ ಅನುಭವವಾದರೂ ಧೈರ್ಯ ಕೊಡುವಂತಿದೆಯೇ? ಪುತ್ತೂರು ಪುರಸಭೆ ನಗರಸಭೆಯಾಯಿತು, 31 ವಾರ್ಡುಗಳಾದವು. 2018ರ ಆಗಸ್ಟ್ ಕೊನೆಗೆ ಜನ ಮತ ಹಾಕಿದರು, ಬಿಜೆಪಿ 25 ಸ್ಥಾನ ಗೆದ್ದಿತು. ಅಂಥ ಸ್ಪಷ್ಟ ಬಹುಮತವಿದ್ದೂ ಅಧ್ಯಕ್ಷರ ಆಯ್ಕೆಯಾದದ್ದು 2020ರ ಕೊನೆಗೆ. ಸುಳ್ಯದಲ್ಲಿ 2019ರ ಮೇ ತಿಂಗಳಲ್ಲಿ ಚುನಾವಣೆ, ಅಧ್ಯಕ್ಷರು ಅಲ್ಲೂ 2020ರ ಕೊನೆಗೇ. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ರಾಜ್ಯದ ಪೌರಸಂಸ್ಥೆಗಳೆಲ್ಲ ಕಾಯುತ್ತ ಕುಳಿತವು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ನಡುವೆ ಮತ್ತೆ ಆಡಳಿತಾಧಿಕಾರಿ. ಮೀಸಲಾತಿ ಬೇಡವೆಂದಲ್ಲ. ಹಿಂದುಳಿದವರಿಗೆ, ದಲಿತರಿಗೆ, ಮಹಿಳೆಯರಿಗೆ ಕುರ್ಚಿ ಸಿಗಲೇಬೇಕು. ಆ ಪಟ್ಟಿಯನ್ನು ಕಾಲಕ್ಕೆ ಸರಿಯಾಗಿ, ತಕರಾರಿಗೆ ಎಡೆಯಿಲ್ಲದಂತೆ ಮಾಡದ ಸರಕಾರ ಅವರನ್ನೇ ಮೊದಲು ವಂಚಿಸಿತು. ವರ್ಷಗಟ್ಟಲೆ ಖಾಲಿ ಬಿದ್ದದ್ದು ಅವರಿಗೆ ಮೀಸಲಾಗಬೇಕಿದ್ದ ಕುರ್ಚಿಗಳೂ ಹೌದು.

ಎಲ್ಲಕ್ಕಿಂತ ಗಂಭೀರವಾದದ್ದು ತಾಲೂಕು ಪಂಚಾಯತಿನ ಸ್ಥಿತಿ. ತಾಲೂಕು ಮಟ್ಟದಲ್ಲಿ ಜನರಿಂದ ಆಯ್ಕೆಯಾಗುವ ಸಂಸ್ಥೆ ಅದೊಂದೇ. ತಾಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ನಾಲ್ಕು ವರ್ಷ ದಾಟಿದರೂ ಚುನಾವಣೆಯಿಲ್ಲ. ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಟ್ಟದ್ದು ಬಿಜೆಪಿ ಸರಕಾರ. ಅದರ ನಂತರ ಬಂದ ಕಾಂಗ್ರೆಸ್ ಸರಕಾರವೂ ದಿನ ತಳ್ಳಿತು. ಎರಡೂ ಪಕ್ಷಗಳಿಗೆ ಇದರಲ್ಲಿ ಸಮಾನ ಪಾಲು. ಕಡಬ ತಾಲೂಕು ಹುಟ್ಟಿದ್ದು 2018ರಲ್ಲಿ. ಅಂದರೆ ಕಡಬದ ಜನ ತಮ್ಮ ತಾಲೂಕು ಪಂಚಾಯತಿಗೆಂದು ಈವರೆಗೆ ಒಮ್ಮೆಯೂ ಮತ ಹಾಕಿಲ್ಲ. ತಾಲೂಕು ಬಂತು, ತಾಲೂಕಿನ ಜನಾಡಳಿತ ಬರಲಿಲ್ಲ.

ಈ ರೋಗವೂ ಹಳೆಯದು. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ತಾಲೂಕು ಬೋರ್ಡುಗಳಿದ್ದವು. 1934ರಲ್ಲಿ ಅವನ್ನು ರದ್ದು ಮಾಡಿದರು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1959ರ ಕಾಯಿದೆಯಂತೆ ತಾಲೂಕು ಅಭಿವೃದ್ಧಿ ಮಂಡಳಿಗಳು ಬಂದವು, ಅವುಗಳಿಗೂ ಚುನಾವಣೆ ಕಾಲಕ್ಕೆ ಸರಿಯಾಗಿ ನಡೆಯಲಿಲ್ಲ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಝೀರ್ ಸಾಬರ ಶ್ರಮದಿಂದ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳು ನಿಜವಾದ ಅಧಿಕಾರದೊಂದಿಗೆ ಬಂದವು. ಐದು ವರ್ಷ ಮುಗಿದೊಡನೆ ಅವುಗಳಿಗೂ ಆಡಳಿತಾಧಿಕಾರಿಗಳು ಬಂದರು. ಈ ಚಾಳಿಗೆ ಕಡಿವಾಣ ಹಾಕಲೆಂದೇ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದದ್ದು. ಮೂವತ್ತು ವರ್ಷಗಳಲ್ಲಿ ಆ ಕಡಿವಾಣವನ್ನೂ ಸಡಿಲಗೊಳಿಸಿದೆವು. ಶಾಸಕರಿಗೆ ತಾಲೂಕು ಪಂಚಾಯತ್ ಸದಸ್ಯ ಪ್ರತಿಸ್ಪರ್ಧಿ, ಇಂದಿನ ಸದಸ್ಯ ನಾಳಿನ ಟಿಕೆಟ್ ಆಕಾಂಕ್ಷಿ. ಚುನಾವಣೆ ಮುಂದೆ ಹೋದಷ್ಟು ಕಾಲ ರಸ್ತೆಯ ಕಾಮಗಾರಿಯಿಂದ ಹಿಡಿದು ಶಾಲೆಯ ಕೊಠಡಿಯವರೆಗೆ ಎಲ್ಲಕ್ಕೂ ಒಬ್ಬರೇ ದಾತಾರ. ಹೊಸ ಕಚೇರಿ ತರುವುದರಲ್ಲಿ ಇರುವ ಉತ್ಸಾಹ ಹಳೆಯ ಸಂಸ್ಥೆಗೆ ಚುನಾವಣೆ ನಡೆಸುವುದರಲ್ಲಿ ಏಕಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಕೇಂದ್ರ ಸ್ಥಾನ ಸಿಕ್ಕರೆ ಊರು ಬೆಳೆಯುತ್ತದೆ ಎಂಬ ವಾದ ಇನ್ನೂ ಉಳಿದಿದೆ. ಪುತ್ತೂರು ಹೇಗೆ ಬೆಳೆಯಿತು? ಮೊಳಹಳ್ಳಿ ಶಿವರಾಯರು 1909ರಲ್ಲಿ ಇಲ್ಲಿ ಸಹಕಾರ ಸಂಘ ಕಟ್ಟಿದರು. ಇಂದು ಮಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿದ್ದೂ ಪುತ್ತೂರಿನಲ್ಲೇ. ಅದರ ಕಚೇರಿ ಮಂಗಳೂರಿಗೆ ಹೋಯಿತೆಂದು ಪುತ್ತೂರಿನ ಸಹಕಾರ ಚಳವಳಿ ಸಾಯಲಿಲ್ಲ. 1958ರಲ್ಲಿ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಬಂದವು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೋ ಕಟ್ಟಿದರು, 1986ರಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ಆರಂಭವಾಯಿತು. ಸುಳ್ಯವನ್ನು ವಿದ್ಯಾಕೇಂದ್ರ ಮಾಡಿದವರು ಕುರುಂಜಿ ವೆಂಕಟರಮಣ ಗೌಡರು. ಇವುಗಳಲ್ಲಿ ಒಂದನ್ನೂ ತಾಲೂಕು ಕಚೇರಿ ಕಟ್ಟಿದ್ದಲ್ಲ. ಊರಿನವರು ಒಟ್ಟು ಸೇರಿ, ದುಡ್ಡು ಹಾಕಿ, ಲೆಕ್ಕ ಕೇಳಿ, ಲೆಕ್ಕ ಕೊಟ್ಟು ಕಟ್ಟಿದ್ದು. ಸ್ಥಳೀಯ ಸರಕಾರ ಕಲಿಯಬೇಕಾದ ಪಾಠವೂ ಅದೇ.

ಈಗ ಪುತ್ತೂರು ಜಿಲ್ಲೆಯ ಬೇಡಿಕೆ ಎದ್ದಿದೆ. ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ, ಬಂಟ್ವಾಳ ಸೇರಿಸಿ ಹೊಸ ಜಿಲ್ಲೆ ಮಾಡಿ ಎನ್ನುತ್ತಾರೆ. ಉಡುಪಿಯನ್ನು ನೋಡಿ ಎಂದು ಬೆರಳು ತೋರಿಸುತ್ತಾರೆ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ ಅಲ್ಲಿ ಹುಟ್ಟಿದ್ದು 1925ರಲ್ಲಿ, ಮಣಿಪಾಲದ ವೈದ್ಯಕೀಯ ಕಾಲೇಜು 1953ರಲ್ಲಿ. ಜಿಲ್ಲೆಯಾಗುವ ಎಷ್ಟೋ ಮೊದಲೇ ಆ ಊರುಗಳು ತಮ್ಮ ಕಾಲ ಮೇಲೆ ನಿಂತಿದ್ದವು. ಇತ್ತ ನಮ್ಮ ಪಕ್ಕದ, ಕೇರಳದ ಕಾಸರಗೋಡನ್ನೂ ನೋಡಬೇಕು. 1984ರಲ್ಲಿ ಅದು ಜಿಲ್ಲೆಯಾಯಿತು, ಕಲೆಕ್ಟರರ ಕಚೇರಿ ಹತ್ತಿರ ಬಂತು. ಅಲ್ಲಿನ ಕನ್ನಡಿಗರು ತಮ್ಮ ಭಾಷೆಯಲ್ಲಿ ಅರ್ಜಿಗೆ ಉತ್ತರ ಬೇಕೆಂದು, ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬೇಕೆಂದು ಇಂದಿಗೂ ಹೋರಾಡುತ್ತಿದ್ದಾರೆ. ಕಚೇರಿ ಹತ್ತಿರವಿದ್ದರೆ ಅದು ನಮ್ಮ ಮಾತು ಕೇಳುತ್ತದೆ ಎಂದೇನಿಲ್ಲ.

ಎರಡನ್ನೂ ಕೇಳೋಣ, ಜಿಲ್ಲೆಯೂ ಬರಲಿ ಚುನಾವಣೆಯೂ ಬರಲಿ ಎನ್ನುವ ಸ್ನೇಹಿತರಿದ್ದಾರೆ. ಮೇಲ್ನೋಟಕ್ಕೆ ಸರಿ. ಆದರೆ ಹೊಸ ಜಿಲ್ಲೆ, ಹೊಸ ತಾಲೂಕು ಎಂದಕೂಡಲೇ ಕ್ಷೇತ್ರಗಳನ್ನು ಮತ್ತೆ ವಿಂಗಡಿಸಬೇಕು, ಮೀಸಲಾತಿಯನ್ನು ಮತ್ತೆ ನಿಗದಿ ಮಾಡಬೇಕು, ಆಕ್ಷೇಪಣೆ ಕೇಳಬೇಕು, ಯಾರೋ ನ್ಯಾಯಾಲಯಕ್ಕೆ ಹೋಗುತ್ತಾರೆ. ಕಡಬದ ಪಟ್ಟಣ ಪಂಚಾಯತ್ ಕಾದಂತೆ ಜಿಲ್ಲಾ ಪಂಚಾಯತೂ ಕಾಯುತ್ತದೆ. ಗಡಿ ಬದಲಿಸುವ ಪ್ರತಿ ಘೋಷಣೆಯೂ ಚುನಾವಣೆ ಮುಂದೂಡಲು ಸರಕಾರದ ಕೈಗೆ ಕೊಡುವ ಹೊಸ ನೆಪ. ಹಾಗಾಗಿ ಯಾವುದು ಮೊದಲು ಎಂಬುದು ಮುಖ್ಯ.

ಮೊದಲು ತಾಲೂಕು ಮತ್ತು ಜಿಲ್ಲಾ ಪಂಚಾಯತ್ ಚುನಾವಣೆ ನಡೆಯಲಿ. ಪಂಚಾಯತೊಂದನ್ನು ಪಟ್ಟಣವೆಂದು ಘೋಷಿಸುವ ಅಧಿಸೂಚನೆಯಲ್ಲೇ ಚುನಾವಣೆಯ ದಿನಾಂಕವೂ ಇರಲಿ, ಅದುವರೆಗೆ ಹಳೆಯ ಸದಸ್ಯರೇ ಮುಂದುವರಿಯಲಿ. ಗ್ರಾಮವೊಂದನ್ನು ಒಂದು ತಾಲೂಕಿನಿಂದ ಇನ್ನೊಂದಕ್ಕೆ ಸೇರಿಸುವಾಗ ಆಕ್ಷೇಪಣೆ ಸಲ್ಲಿಸುವ ಅವಕಾಶವಷ್ಟೇ ಸಾಲದು, ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ. ಸಣ್ಣ ಪಟ್ಟಣಗಳಿಗೂ ವಾರ್ಡ್ ಸಭೆಯ ಹಕ್ಕನ್ನು ಕಾನೂನಿನಲ್ಲಿ ಬರೆಯಲಿ. ಇರುವ ಮೂರು ತಾಲೂಕು ಕಚೇರಿಗಳಿಗೆ ಬೇಕಾದಷ್ಟು ಸರ್ವೆಯರ್‌ಗಳು ಬರಲಿ. ಇದಿಷ್ಟು ಆದ ಮೇಲೂ ಪುತ್ತೂರು ಜಿಲ್ಲೆ ಬೇಕೆಂದು ಇಲ್ಲಿನ ಗ್ರಾಮಸಭೆಗಳು ನಿರ್ಣಯ ಮಾಡಿದರೆ ನಾನೂ ಆ ಬೇಡಿಕೆಗೆ ಸಹಿ ಹಾಕುತ್ತೇನೆ.

ಮುಂದಿನ ಬಾರಿ ಮನವಿ ಹಿಡಿದು ಮಂತ್ರಿಗಳ ಬಳಿ ಹೋಗುವವರಲ್ಲಿ ನನ್ನದೊಂದೇ ಕೋರಿಕೆ. ಮನವಿಯ ಮೊದಲ ಸಾಲಿನಲ್ಲಿ ಕಚೇರಿ ಕೇಳಬೇಡಿ, ಚುನಾವಣೆಯ ದಿನಾಂಕ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡದವರಿಂದ ಯಾವ ಹೊಸ ಘೋಷಣೆಯನ್ನೂ ಒಪ್ಪಿಕೊಳ್ಳಬೇಡಿ.